ಮುಖಪುಟ ಇಲ್ಲದ ನಿಘಂಟು ಮತ್ತು ‘ಸ್ಲಿಪ್’ ಅನ್ನೋ ಒಂದು ಪದ

ಹೋದ ಮಳೆಗಾಲದಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ರಜಾ ಅರ್ಜಿ ಹಿಡಿದು ಬಂದಳು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಅರ್ಜಿಯನ್ನು ಎಡಗೈಯಲ್ಲಿ ಬರೆದಿದ್ದಳು, ಅಕ್ಷರ ಒಂದೊಂದೂ ಒಂದೊಂದು ಕಡೆ ವಾಲಿತ್ತು. ‘ಐ ಸ್ಲೆಪ್ಟ್ ಇನ್ ದ ಬಾತ್‌ರೂಮ್’ ಅಂತ ಇತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳೋದು ಅವಳ ಮನಸ್ಸಿನಲ್ಲಿತ್ತು. ಕಾಗದದ ಮೇಲೆ ಬಚ್ಚಲಲ್ಲಿ ಮಲಗಿದ್ದೆ ಅಂತ ಆಗಿತ್ತು.

ನಾನು ತೀರ್ಥಹಳ್ಳಿ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಆ ಹುಡುಗಿಯದು ಉಡಾಫೆಯ ತಪ್ಪಲ್ಲ. ಕಿವಿಗೆ ಕೇಳಿಸಿದ್ದನ್ನು ಬರೆದಿದ್ದಾಳೆ. ‘ಸ್ಲಿಪ್’ಗೆ ಕೊನೆಯಲ್ಲಿ ಇ, ಡಿ ಸೇರಿಸಿ ಬರೆದರೂ ಬಾಯಲ್ಲಿ ಬರುವುದು ‘ಸ್ಲಿಪ್ಟ್’. ‘ಸ್ಲೀಪ್’ನದು ‘ಸ್ಲೆಪ್ಟ್’. ಎರಡಕ್ಕೂ ನಡುವೆ ಇರುವುದು ಒಂದು ಸಣ್ಣ ಸ್ವರ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದೆ. ಆದರೆ ಅವತ್ತೇ ಸಂಜೆ ಇನ್ನೊಂದು ನೋಟ್‌ಬುಕ್ ನೋಡಿದಾಗ ನಿಜಕ್ಕೂ ಬೇಜಾರಾಯಿತು. ‘ಕಲೆಕ್ಟ್ ದ ಸ್ಲಿಪ್ ಫ್ರಮ್ ದ ಕೌಂಟರ್’ ಅನ್ನೋ ವಾಕ್ಯಕ್ಕೆ ಹುಡುಗ ಒಬ್ಬ ‘ಕೌಂಟರ್‌ನಿಂದ ಜಾರುವಿಕೆಯನ್ನು ಸಂಗ್ರಹಿಸಿ’ ಅಂತ ಬರೆದುಕೊಂಡಿದ್ದ. ಫೋನಿನಲ್ಲಿ ಅನುವಾದ ಮಾಡುವ ಯಾವುದೋ ಆ್ಯಪ್ ಹಾಗೆ ಕೊಟ್ಟಿತ್ತಂತೆ. ಚೀಟಿ ಅನ್ನೋ ಮಾತು ಆ ಹುಡುಗನ ಮನೆಯಲ್ಲಿ ದಿನಾ ಹತ್ತು ಸಲ ಬರುತ್ತೆ. ಆದರೂ ಅವನು ‘ಜಾರುವಿಕೆ’ ಅಂತ ಬರೆದ, ಯಾಕೆಂದರೆ ಫೋನ್ ಹೇಳಿತು.

ಅವತ್ತೇ ಅಂದುಕೊಂಡೆ, ಕ್ಲಾಸಿನಲ್ಲಿ ಇಡೋದಕ್ಕೆ ಒಂದು ಗಟ್ಟಿ ಇಂಗ್ಲಿಷ್–ಕನ್ನಡ ನಿಘಂಟು ತರಲೇಬೇಕು ಅಂತ. ತಂದೆ. ಅದರ ವಿಚಾರವೇ ಈ ಬರಹ.

ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ದಿನ ಕಳೆದೆ. ನನ್ನದು ಒಂದೇ ಪರೀಕ್ಷೆ. ಯಾವ ನಿಘಂಟು ಕೈಗೆ ಬಂದರೂ ನೇರವಾಗಿ ಎಸ್ ಅಕ್ಷರಕ್ಕೆ ಹೋಗಿ ‘ಸ್ಲಿಪ್’ ತೆಗೆಯುವುದು. ಕೆಲವದರಲ್ಲಿ ‘ಜಾರು, ಜಾರುವಿಕೆ, ತಪ್ಪು, ಚೀಟಿ’ ಅಂತ ನಾಲ್ಕೇ ಪದ, ಮುಗಿಯಿತು. ಇನ್ನು ಕೆಲವದರಲ್ಲಿ ‘ಸ್ಖಲನ, ಪ್ರಮಾದ, ಚ್ಯುತಿ’ ಅಂತ ಇತ್ತು. ಅದನ್ನು ಓದಿಕೊಂಡ ಮಗು ಆಮೇಲೆ ಅದಕ್ಕೂ ಒಂದು ನಿಘಂಟು ಹುಡುಕಬೇಕು. ಕೊನೆಗೆ ಒಂದು ಅಂಗಡಿಯಲ್ಲಿ, ಕೆಳಗಿನ ಸಾಲಿನಲ್ಲಿ, ದಾರ ಹಾಕಿ ಕಟ್ಟಿಟ್ಟಿದ್ದ ಒಂದು ದಪ್ಪ ಪುಸ್ತಕ ಸಿಕ್ಕಿತು. ರಟ್ಟು ಇತ್ತು, ಬೆನ್ನು ಇರಲಿಲ್ಲ. ಮುಖಪುಟ, ಮುನ್ನುಡಿ, ‘ಎ’ ಅಕ್ಷರದ ಮೊದಲ ಕೆಲವು ಹಾಳೆ, ಯಾವುದೂ ಇರಲಿಲ್ಲ. ಯಾರು ಮಾಡಿದ್ದು, ಯಾವ ವರ್ಷದ್ದು ಅನ್ನೋ ಗುರುತೂ ಉಳಿದಿಲ್ಲ. ಆದರೆ ‘ಸ್ಲಿಪ್’ ತೆಗೆದ ತಕ್ಷಣ ನಿಂತಲ್ಲೇ ಪೂರ್ತಿ ಓದಿದೆ. ಒಂದು ಕಾಲಂನ ಮುಕ್ಕಾಲು ಭಾಗ ಅದೊಂದೇ ಪದ! 250 ಹೇಳಿದರು, 180ಕ್ಕೆ ಕೊಟ್ಟರು. ಊರಿಗೆ ಬಂದು ಪ್ರೆಸ್ಸಿನಲ್ಲಿ ಹೊಸ ಬೆನ್ನು ಹಾಕಿಸಿದೆ, ಅದಕ್ಕೆ 90 ರೂಪಾಯಿ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಈ ಪುಸ್ತಕ ‘ಸ್ಲಿಪ್’ ಅನ್ನು ಒಂದೇ ಪದ ಅಂತ ತೋರಿಸುವುದಿಲ್ಲ. 1, 2, 3 ಅಂತ ನಂಬರ್ ಹಾಕಿ ಮೂರು ಪದಗಳಾಗಿ ಬಿಡಿಸಿದೆ. ದೊಡ್ಡ ಇಂಗ್ಲಿಷ್ ನಿಘಂಟುಗಳೂ ಹೀಗೇ ಮಾಡುತ್ತವೆ. ಜಾರುವ ಸ್ಲಿಪ್ ಒಂದು ಪದ. ಕಾಗದದ ಚೂರು, ಗಿಡದಿಂದ ಕತ್ತರಿಸಿದ ತುಂಡು, ಈ ಸ್ಲಿಪ್ ಇನ್ನೊಂದು. ಅದಕ್ಕೆ ಜಾರುವುದರ ಜೊತೆ ನೆಂಟಸ್ತಿಕೆ ಇಲ್ಲ, ಕತ್ತರಿಸುವುದು, ಸೀಳುವುದು ಅನ್ನೋ ಕಡೆಯಿಂದ ಬಂದದ್ದು. ಮೂರನೆಯದು ಕುಂಬಾರರ ಸ್ಲಿಪ್. ಮಣ್ಣನ್ನು ನೀರಿನಲ್ಲಿ ಕದಡಿ ಮಜ್ಜಿಗೆ ಹದಕ್ಕೆ ತಂದು ಮಡಕೆ ಮೇಲೆ ಬಳಿಯುತ್ತಾರಲ್ಲ, ಅದು. ಹಳೇ ಇಂಗ್ಲಿಷಿನಲ್ಲಿ ಲೋಳೆ, ಕೆಸರು ಅನ್ನೋ ಅರ್ಥದ ಪದದಿಂದ ಬಂದಿದೆ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ‘ಕೌಸ್ಲಿಪ್’ ಅಂತ ಒಂದು ಹಳದಿ ಹೂವು ಬಿಡುತ್ತೆ. ಅದರ ಹೆಸರಿನಲ್ಲಿರುವ ಸ್ಲಿಪ್ ಕೂಡ ಇದೇ. ಬಿಡಿಸಿದರೆ ಹಸುವಿನ ಸೆಗಣಿ ಅಂತ ಅರ್ಥ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರೂ ಕತ್ತೆತ್ತಿ ಕೇಳಿದರು.

ಮೂರು ಬೇರೆ ಪದ ಅಂತ ಗೊತ್ತಾದ ಮೇಲೆ ಮಕ್ಕಳ ತಲೆಯಲ್ಲಿ ಒಂದು ಗಂಟು ಬಿಚ್ಚಿಕೊಂಡಿತು. ‘ಚೀಟಿ ಯಾಕೆ ಜಾರುತ್ತೆ ಮೇಡಂ?’ ಅಂತ ಆಮೇಲೆ ಯಾರೂ ಕೇಳಲಿಲ್ಲ. ನಮ್ಮಲ್ಲೂ ಹೀಗೆ ಇದೆ ಅಂತ ನಾನು ಹೇಳಿದೆ. ‘ಕಾಲು ಜಾರಿತು’ ಅನ್ನುತ್ತೇವೆ, ‘ಕಾನೂನು ಜಾರಿಗೆ ಬಂತು’ ಅಂತಲೂ ಅನ್ನುತ್ತೇವೆ. ಎರಡನೇ ಜಾರಿ ಅರಬ್ಬಿಯಿಂದ ಪಾರ್ಸಿ ದಾರಿ ಹಿಡಿದು ಬಂದದ್ದು, ಹರಿಯುತ್ತಿರುವ, ನಡೆಯುತ್ತಿರುವ ಅನ್ನೋ ಅರ್ಥ. ಕೇಳೋದಕ್ಕೆ ಒಂದೇ ಥರ, ಒಂದರ ಮನೆ ಎಲ್ಲಿ, ಇನ್ನೊಂದರ ಮನೆ ಎಲ್ಲಿ!

ಇನ್ನು ಮೊದಲನೇ ಸ್ಲಿಪ್. ಪುಸ್ತಕದ ಬೆಲೆಯೆಲ್ಲ ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ಯಾರು ಜಾರಿದರು, ಏನು ಜಾರಿತು, ಯಾರಿಗೂ ಕಾಣದ ಹಾಗೆ ಜಾರಿದರಾ ಅನ್ನೋದನ್ನು ನೋಡಿ ಕನ್ನಡ ಪದ ಬದಲಾಯಿಸಿದ್ದಾರೆ. ಕಾಲು ಆದರೆ ಜಾರು. ಕೈಯಲ್ಲಿದ್ದ ಮೀನು ಆದರೆ ನುಣುಚಿಕೊ. ಬೇಲಿ ಸಂದಿಯಿಂದ ಆದರೆ ನುಸುಳು. ಬಳೆ, ಉಂಗುರ ಆದರೆ ಕಳಚಿ ಬೀಳು. ಅಂಗಿ ಆದರೆ ಬೇಗ ತೊಟ್ಟುಕೊ. ಮಾತು ಆದರೆ ಬಾಯಿತಪ್ಪು. ಅವಕಾಶ ಆದರೆ ಕೈತಪ್ಪು. ಜವಾಬ್ದಾರಿಯಿಂದ ಆದರೆ ಜಾರಿಕೊ. ಪ್ರತಿಯೊಂದಕ್ಕೂ ಒಂದು ಪುಟ್ಟ ಕನ್ನಡ ವಾಕ್ಯ ಕೊಟ್ಟಿದ್ದಾರೆ. ‘ಗುಟ್ಟಾಗಿ ಕೈಗಿಡು’ ಅಂತಲೂ ಒಂದು ಅರ್ಥ ಇದೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಮ್ಮಮ್ಮ. ರಜೆ ಮುಗಿಸಿ ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಉಗುರಿನಷ್ಟಾಗಿದ್ದ ಐದು ರೂಪಾಯಿ ನೋಟನ್ನು ಮಾವಂದಿರಿಗೆ ಕಾಣದ ಹಾಗೆ ನನ್ನ ಅಂಗೈಗೆ ಒತ್ತುತ್ತಿದ್ದರು. ಮೇಲಿಂದ ನನ್ನ ಬೆರಳುಗಳನ್ನು ಅವರೇ ಮುಚ್ಚುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೂ ‘ಸ್ಲಿಪ್’ ಅಂತಲೇ ಹೇಳೋದು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ಈ ಅರ್ಥಕ್ಕೆ ಈ ಉದಾಹರಣೆ ನನಗೆ ಹೊಳೆದೇ ಇರಲಿಲ್ಲ.

‘ಸ್ಲಿಪ್‌ನಾಟ್’ ಅನ್ನೋ ಪದಕ್ಕೆ ‘ಜೀರುಗುಣಿಕೆ’ ಅಂತ ಇದೆ. ಕ್ಲಾಸಿನಲ್ಲಿ ಓದಿ ಹೇಳಿದೆ. ನಲವತ್ತು ಮಕ್ಕಳಲ್ಲಿ ಒಬ್ಬನೇ ಒಬ್ಬ ಕೈ ಎತ್ತಿದ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಇಪ್ಪತ್ತು ದಾಟದ ಹುಡುಗ. ‘ಮಾಡಿ ತೋರಿಸ್ಲಾ ಮೇಡಂ?’ ಅಂದ. ಬಾವಿಕಟ್ಟೆಯ ಹತ್ತಿರ ಇದ್ದ ಹಗ್ಗ ತಂದ. ತುದಿಯಲ್ಲಿ ಒಂದು ಸಣ್ಣ ಕುಣಿಕೆ ಹಾಕಿ, ಅದರೊಳಗೆ ಹಗ್ಗವನ್ನೇ ತೂರಿಸಿ ದೊಡ್ಡ ಉರುಳು ಮಾಡಿದ. ಕುಡಿಯುವ ನೀರಿನ ಕೊಡದ ಕಂಠಕ್ಕೆ ಹಾಕಿ ಎತ್ತಿದ. ಕೊಡದ ಭಾರಕ್ಕೆ ಹಗ್ಗ ಸರ್ರನೆ ಜಾರಿ ಬಿಗಿದುಕೊಂಡಿತು. ಕೆಳಗಿಟ್ಟ ತಕ್ಷಣ ಸಡಿಲ ಆಯಿತು. ಆಮೇಲೆ ಅವನೇ ಹೇಳಿದ, ‘ಇದನ್ನ ಕೊಡಕ್ಕೆ ಹಾಕ್ಬಹುದು ಮೇಡಂ, ದನದ ಕುತ್ತಿಗೆಗೆ ಹಾಕ್ಬಾರ್ದು. ಅದು ಎಳೆದಷ್ಟೂ ಬಿಗಿಯುತ್ತೆ, ಉಸಿರು ಕಟ್ಟುತ್ತೆ. ದನಕ್ಕೆ ಬೇರೆ ಗಂಟು.’ ಜಾರುವುದು ಹಗ್ಗ, ಬಿಗಿಯುವುದು ಉರುಳು. ‘ಸ್ಲಿಪ್’ ಆ ಪದದಲ್ಲಿ ಯಾಕಿದೆ ಅಂತ ನಾನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದಕ್ಕೆ ಆಗುತ್ತಿರಲಿಲ್ಲ. ಆ ಪದ ಅವರ ಮನೆಯಲ್ಲಿ ಅಜ್ಜ ಹೇಳುತ್ತಿದ್ದದ್ದಂತೆ. ಪುಸ್ತಕದಲ್ಲಿ ಅಚ್ಚಾಗಿದೆ ಅಂತ ನೋಡಿ ಅವನಿಗೆ ಆದ ಖುಷಿ ಏನು ಅಂತ ನಾನು ಮರೆಯೋದಿಲ್ಲ. ಎರಡು ಸಲ ಬಂದು ಆ ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡ.

‘ಸ್ಲಿಪ್’ಗೂ ‘ಸ್ಲೈಡ್’ಗೂ ಏನು ವ್ಯತ್ಯಾಸ? ಕನ್ನಡದಲ್ಲಿ ಎರಡಕ್ಕೂ ‘ಜಾರು’ ಅಂತ ಬಂದುಬಿಡುತ್ತೆ. ಈ ನಿಘಂಟೂ ಎರಡು ಕಡೆಯೂ ಮೊದಲು ಜಾರು ಅಂತಲೇ ಹೇಳುತ್ತೆ. ಆದರೆ ‘ಸ್ಲಿಪ್’ ಹತ್ತಿರ ಆವರಣದಲ್ಲಿ ‘ತಟಕ್ಕನೆ, ಬೇಡದೆ’ ಅಂತ ಎರಡು ಪದ ಇಟ್ಟಿದ್ದಾರೆ, ‘ಸ್ಲೈಡ್’ ಹತ್ತಿರ ‘ನಯವಾದ ಮೈ ಮೇಲೆ, ಒಂದೇ ಸಮನೆ’ ಅಂತ. ಇಷ್ಟು ಸಾಕು. ಮಿಕ್ಕದ್ದನ್ನು ನಮ್ಮ ಮಕ್ಕಳೇ ಹೇಳುತ್ತಾರೆ. ಅಡಿಕೆ ಹಾಳೆಯ ಮೇಲೆ ಒಬ್ಬರು ಕೂತು ಇನ್ನೊಬ್ಬರು ಎಳೆಯುವ ಆಟ ಇಲ್ಲಿ ಎಲ್ಲರಿಗೂ ಗೊತ್ತು. ಅದು ಸ್ಲೈಡ್. ಅಂಗಳದ ಪಾಚಿಯ ಮೇಲೆ ಕಾಲಿಟ್ಟಾಗ ಆಗುವುದು ಸ್ಲಿಪ್. ಬೈಕಿನ ಚಕ್ರ ಹಿಡಿತ ತಪ್ಪಿ ಅಡ್ಡ ಹೋಗುವುದು ಸ್ಕಿಡ್, ಆ ಪದವನ್ನಂತೂ ಪೇಪರ್‌ನವರೇ ಕನ್ನಡ ಮಾಡಿಬಿಟ್ಟಿದ್ದಾರೆ. ಹದ್ದು ರೆಕ್ಕೆ ಬಡಿಯದೆ ತೇಲಿಕೊಂಡು ಹೋಗುವುದು ಗ್ಲೈಡ್. ನಾಲ್ಕೂ ಐದು ನಿಮಿಷದಲ್ಲಿ ಮುಗಿಯಿತು.

ಇಲ್ಲೇ ಒಂದು ಕೊರತೆಯೂ ಕಂಡಿತು. ‘ಲ್ಯಾಂಡ್‌ಸ್ಲಿಪ್’ಗೆ ‘ಭೂಕುಸಿತ’ ಅಂತ ಒಂದೇ ಪದ ಇದೆ. ತಪ್ಪಲ್ಲ, ಪೇಪರ್‌ನಲ್ಲಿ ಬರುವುದೂ ಅದೇ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತಲ್ಲ, ಆಗ ಟಿವಿಯಲ್ಲಿ ದಿನಗಟ್ಟಲೆ ಕೇಳಿದ್ದು ಭೂಕುಸಿತ, ಗುಡ್ಡ ಕುಸಿತ ಅಂತಲೇ. ಆದರೆ ನಮ್ಮ ಕಡೆ, ಕರಾವಳಿ ಕಡೆ ಜನ ‘ಧರೆ ಜರಿಯಿತು’, ‘ಗುಡ್ಡ ಜರಿಯಿತು’ ಅನ್ನುತ್ತಾರೆ. ಧರೆ ಅಂದರೆ ಇಲ್ಲಿ ಕಡಿದಾದ ಮಣ್ಣಿನ ದಿಬ್ಬ. ಕುಸಿಯುವುದು ಅಂದರೆ ನಿಂತದ್ದು ಕೆಳಗೆ ಕೂತುಬಿಡುವುದು. ಜರಿಯುವುದು ಅಂದರೆ ಇಳಿಜಾರಿನಲ್ಲಿ ಮಣ್ಣು ಪದರ ಪದರವಾಗಿ ಕೆಳಗೆ ಸರಿದು ಬರುವುದು. ಮನೆ ಹಿಂದೆ ಧರೆ ಇರುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಜುಲೈ ರಾತ್ರಿ ಅವರು ಕಿವಿಗೊಟ್ಟು ಕೇಳುವುದು ಆ ಸರಿಯುವ ಸದ್ದನ್ನೇ. ಲ್ಯಾಂಡ್‌ಸ್ಲಿಪ್‌ಗೆ ‘ಜರಿತ’ ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಅಂಚಿನಲ್ಲಿ ಬರೆದವಳು ನಾನೊಬ್ಬಳೇ ಅಲ್ಲ. ನನಗಿಂತ ಮುಂಚೆ ಇದನ್ನು ಇಟ್ಟುಕೊಂಡಿದ್ದವರು ಯಾರೋ ಎರಡನೇ ಸ್ಲಿಪ್‌ನ ಪಕ್ಕದಲ್ಲಿ ಸಣ್ಣ ದುಂಡು ಅಕ್ಷರದಲ್ಲಿ ‘ಪೇ-ಇನ್ ಸ್ಲಿಪ್ – ಹಣ ಕಟ್ಟುವ ಚೀಟಿ, ವಿತ್‌ಡ್ರಾವಲ್ ಸ್ಲಿಪ್ – ಹಣ ತೆಗೆಯುವ ಚೀಟಿ’ ಅಂತ ಬರೆದಿದ್ದಾರೆ. ಕೌಂಟರ್‌ನಲ್ಲಿ ಕೂತು ಹಳ್ಳಿಯವರಿಗೆ ದಿನಾ ಬಿಡಿಸಿ ಹೇಳುತ್ತಿದ್ದವರು ಇರಬೇಕು ಅಂತ ನನಗೆ ಆಸೆ. ‘ಪಾವತಿ ಪತ್ರ’ ಅಂತ ಬರೆಯದೆ ‘ಹಣ ಕಟ್ಟುವ ಚೀಟಿ’ ಅಂತ ಬರೆದಿದ್ದಾರಲ್ಲ, ಅದಕ್ಕೆ. ನಾನು ಅದರ ಕೆಳಗೆ ವಿವಿಪ್ಯಾಟ್ ಅಂತ ಸೇರಿಸಿದೆ, ಮತಯಂತ್ರದ ಜೊತೆ ಇಡುವ ಚೀಟಿ ಪೆಟ್ಟಿಗೆ. ಚುನಾವಣೆ ಡ್ಯೂಟಿಗೆ ಹೋದಾಗ ನೋಡಿದ್ದೇನೆ. ಬಟನ್ ಒತ್ತಿದ ಮೇಲೆ ಗಾಜಿನ ಹಿಂದೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಸ್ಲಿಪ್ 7 ಸೆಕೆಂಡ್ ಕಾಣುತ್ತೆ, ಆಮೇಲೆ ಕತ್ತರಿಸಿಕೊಂಡು ಡಬ್ಬಿಗೆ ಬೀಳುತ್ತೆ. ವಯಸ್ಸಾದ ಅಜ್ಜಿಯರು ಹೊರಗೆ ಬಂದು ‘ಚೀಟಿ ಕೊಡ್ಲೇ ಇಲ್ವಲ್ಲ’ ಅಂತ ಕೇಳುತ್ತಿದ್ದರು. ಮನೆಗೆ ಬಂದ ಮತದಾರರ ಚೀಟಿಯೂ ಸ್ಲಿಪ್ಪೇ, ಒಳಗೆ ಬಿದ್ದದ್ದೂ ಸ್ಲಿಪ್ಪೇ. ಒಂದು ಕೈಗೆ ಸಿಗುತ್ತೆ, ಒಂದು ಸಿಗಲ್ಲ.

ಬಾಯಿತಪ್ಪು, ಕೈತಪ್ಪು ಅನ್ನೋ ಎರಡನ್ನೂ ಇಂಗ್ಲಿಷ್ ಒಂದು ‘ಸ್ಲಿಪ್’ಗೆ ‘ಆಫ್’ ಸೇರಿಸಿ ಹೇಳುತ್ತೆ, ನಾಲಿಗೆಯದು, ಪೆನ್ನಿನದು ಅಂತ. ಇಲ್ಲಿ ನಿಘಂಟು ಮಾಡಿದವರು ಸಂಸ್ಕೃತಕ್ಕೆ ಹೋಗದೆ ‘ಬಾಯಿತಪ್ಪು’ ಮೊದಲು ಇಟ್ಟಿದ್ದಾರೆ, ‘ಪ್ರಮಾದ’ ಕೊನೆಗೆ. ಈ ಸಾಲು ಜೋಡಿಸುವುದರಲ್ಲೇ ಅವರ ಮನಸ್ಸು ಕಾಣುತ್ತೆ. ಮಗು ಮೊದಲ ಪದವನ್ನೇ ಬರೆದುಕೊಳ್ಳೋದು, ಯಾವ ಮಗುವೂ ಆರನೇ ಪದದ ತನಕ ಹೋಗಲ್ಲ. ಇನ್ನೊಂದು ವಿಷಯ. ಸ್ಲಿಪ್ ಅಂದರೆ ಸಣ್ಣ ತಪ್ಪು, ಬೇಕು ಅಂತ ಮಾಡದೆ ಇರೋದು. ಕನ್ನಡದ ‘ತಪ್ಪು’ ಅದಕ್ಕಿಂತ ಭಾರ. ‘ಬಾಯಿತಪ್ಪು’ ಅಂದಾಗ ಆ ಭಾರ ಇಳಿಯುತ್ತೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅನ್ನೋ ಗಾದೆಯನ್ನು ಇಂಗ್ಲಿಷಿಗೆ ತನ್ನಿ ಅಂತ ಮಕ್ಕಳಿಗೆ ಹೋಂವರ್ಕ್ ಕೊಟ್ಟಿದ್ದೆ. ಹದಿನೇಳು ಮಕ್ಕಳು ‘ಸ್ಲಿಪ್’ ಸರಿಯಾಗಿ ಬಳಸಿದ್ದರು. ‘ಪಟ್ಟು’ ಮಾತ್ರ ಯಾರಿಂದಲೂ ಆಗಲಿಲ್ಲ, ನನ್ನಿಂದಲೂ.

ಈಗ ಪುಸ್ತಕದ ತೊಂದರೆಗಳು. ಇವೂ ಸಣ್ಣವಲ್ಲ.

ಮೊದಲನೆಯದು, ಉಚ್ಚಾರಣೆ ಎಲ್ಲೂ ಇಲ್ಲ. ನನ್ನ ಹುಡುಗಿಯ ಸ್ಲೆಪ್ಟ್–ಸ್ಲಿಪ್ಟ್ ಗೊಂದಲಕ್ಕೆ ಈ ಪುಸ್ತಕದಲ್ಲಿ ಮದ್ದಿಲ್ಲ. ಪದದ ಪಕ್ಕದಲ್ಲಿ ಎರಡು ‘ಪಿ’ ಬರೆದು ಆ ಕಡೆ ಈ ಕಡೆ ಗೀಟು ಎಳೆದಿದ್ದಾರೆ, ಅಷ್ಟೆ. ಇ-ಡಿ, ಐ-ಎನ್-ಜಿ ಸೇರುವಾಗ ‘ಪಿ’ ಎರಡಾಗುತ್ತೆ ಅಂತ ಅದರ ಅರ್ಥ. ನಮಗೆ ಗೊತ್ತು, ಮಗುವಿಗೆ ಹೇಗೆ ಗೊತ್ತಾಗಬೇಕು? ಆ ಗುರುತುಗಳ ವಿವರಣೆ ಪುಸ್ತಕದ ಮೊದಲ ಪುಟಗಳಲ್ಲಿ ಇತ್ತೋ ಏನೋ, ಆ ಪುಟಗಳೇ ನನ್ನ ಪ್ರತಿಯಲ್ಲಿಲ್ಲ.

ಎರಡನೆಯದು, ವಾಕ್ಯ ಕಟ್ಟುವುದಕ್ಕೆ ಸಹಾಯ ಇಲ್ಲ. ಕನ್ನಡದಲ್ಲಿ ನಾವು ‘ಸ್ಲಿಪ್ ಆದೆ’, ‘ಕ್ಲಚ್ ಸ್ಲಿಪ್ ಆಗ್ತಿದೆ’ ಅನ್ನುತ್ತೇವೆ. ಇಂಗ್ಲಿಷ್ ಕ್ರಿಯಾಪದವನ್ನು ನಾಮಪದದ ಹಾಗೆ ಹಿಡಿದುಕೊಂಡು ಅದಕ್ಕೆ ನಮ್ಮ ‘ಆಗು’ ಅಂಟಿಸುವುದು ನಮ್ಮ ರೂಢಿ. ಹಾಗಾಗಿ ಮಕ್ಕಳು ವಾಪಸ್ ಇಂಗ್ಲಿಷಿಗೆ ಹೋಗುವಾಗ ‘ಐ ವಾಸ್ ಸ್ಲಿಪ್’ ಅಂತ ಬರೆಯುತ್ತಾರೆ. ಆ ‘ವಾಸ್’ ನಮ್ಮ ‘ಆದೆ’ಯ ನೆರಳು. ಇಪ್ಪತ್ತಾರು ವರ್ಷದಲ್ಲಿ ನಾನು ಕೆಂಪು ಶಾಯಿಯಲ್ಲಿ ಅತಿ ಹೆಚ್ಚು ಹೊಡೆದುಹಾಕಿರುವ ಪದ ಅದೇ ಇರಬೇಕು. ಒಂದೇ ಒಂದು ಇಂಗ್ಲಿಷ್ ವಾಕ್ಯ ಕೊಟ್ಟಿದ್ದರೂ ಸಾಕಿತ್ತು. ಎ. ಎಸ್. ಹಾರ್ನ್‌ಬಿ ಅವರು 1930ರ ದಶಕದಲ್ಲಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಕಟ್ಟಿದ ಕಲಿಯುವವರ ನಿಘಂಟು ಇಷ್ಟು ಹೆಸರು ಮಾಡಿದ್ದೇ ಅದಕ್ಕೆ, ಪದವನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕು ಅಂತ ತೋರಿಸಿದ್ದಕ್ಕೆ.

ಮೂರನೆಯದು ಯಂತ್ರದ ಮಾತು. ನಮ್ಮ ಹಳೇ ವಿದ್ಯಾರ್ಥಿ ಒಬ್ಬ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಓದುತ್ತಿದ್ದಾನೆ. ಮನೆಗೆ ಬಂದವನು ‘ಮೋಟರಿನ ಸ್ಲಿಪ್ ಅಂದ್ರೆ ಕನ್ನಡದಲ್ಲಿ ಏನು ಮೇಡಂ?’ ಅಂದ. ನಿಘಂಟು ನೋಡಿದೆವು. ಇಲ್ಲ. ಆಮೇಲೆ ಅವನೇ ನಮ್ಮ ತೋಟದ ಪಂಪ್‌ಸೆಟ್ ಹತ್ತಿರ ಕರೆದುಕೊಂಡು ಹೋಗಿ, ಮೋಟರಿನ ಮೇಲಿನ ತಗಡನ್ನು ಬಟ್ಟೆಯಲ್ಲಿ ಒರೆಸಿ ತೋರಿಸಿದ. 2880 ಆರ್‌ಪಿಎಂ ಅಂತ ಇತ್ತು, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. 50 ಹರ್ಟ್ಸ್ ಕರೆಂಟಿಗೆ ಈ ಎರಡು ಪೋಲ್ ಮೋಟರಿನ ಒಳಗೆ ಅಯಸ್ಕಾಂತದ ಬಲ ನಿಮಿಷಕ್ಕೆ 3000 ಸುತ್ತು ಸುತ್ತುತ್ತಂತೆ. ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಅದರ ಹಿಂದೆ ಓಡುತ್ತೆ, ಆದರೆ 120 ಸುತ್ತು ಹಿಂದೆ ಬೀಳುತ್ತೆ. ಆ ಹಿಂದೆ ಬೀಳುವುದೇ ಸ್ಲಿಪ್, ನೂರಕ್ಕೆ 4. ‘ಪೂರ್ತಿ ಸರಿಸಮ ಓಡಿದ್ರೆ ರೋಟರಿನಲ್ಲಿ ಕರೆಂಟೇ ಹುಟ್ಟಲ್ಲ ಮೇಡಂ, ಎಳೆಯೋ ಶಕ್ತಿನೇ ಇರಲ್ಲ. ಸ್ಲಿಪ್ ಇದ್ರೇನೇ ನೀರು ಮೇಲೆ ಬರೋದು’ ಅಂದ. ಮೂವತ್ತು ವರ್ಷದಿಂದ ಆ ಮೋಟರಿನ ನೀರು ಕುಡಿಯುತ್ತಿದ್ದೇನೆ, ಇದು ಗೊತ್ತಿರಲಿಲ್ಲ. ನಾವಿಬ್ಬರೂ ಕೂತು ‘ಹಿಂದುಳಿತ’, ‘ಹಿನ್ನಡೆ’, ‘ಜಾರಿಕೆ’ ಎಲ್ಲ ಯೋಚಿಸಿದೆವು. ಕೊನೆಗೆ ‘ಸ್ಲಿಪ್’ ಅಂತಲೇ ಇರಲಿ, ಜೊತೆಗೆ ‘ರೋಟರ್ ಹಿಂದೆ ಬೀಳುವಷ್ಟು’ ಅಂತ ವಿವರಣೆ ಬರೆದುಕೋ ಅಂದೆ. ಎಲ್ಲದಕ್ಕೂ ಹೊಸ ಪದ ಕಟ್ಟಲೇಬೇಕು ಅಂತ ನನಗೆ ಹಟ ಇಲ್ಲ. ಅರ್ಥ ಕನ್ನಡದಲ್ಲಿ ಸಿಗಬೇಕು, ಅಷ್ಟೆ.

ಕ್ರಿಕೆಟ್ ಸ್ಲಿಪ್‌ಗೆ ‘ವಿಕೆಟ್ಟಿನ ಹಿಂದೆ ಪಕ್ಕದಲ್ಲಿ ನಿಲ್ಲುವವನು’ ಅಂತ ಇದೆ. ಯಾವ ಪಕ್ಕ? ಬ್ಯಾಟು ಹಿಡಿದವನ ಆಫ್ ಸೈಡ್ ಅಂತ ಒಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು, ನಮ್ಮ ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ ಹಿಡಿದ 210 ಕ್ಯಾಚುಗಳಲ್ಲಿ ಹೆಚ್ಚಿನವು ಇಲ್ಲಿ ನಿಂತೇ ಹಿಡಿದದ್ದು ಅಂದೆ. ‘ಆ ದಾಖಲೆ ರೂಟ್ ಮುರಿದ ಮೇಡಂ, ಲಾರ್ಡ್ಸ್‌ನಲ್ಲಿ’ ಅಂತ ಮಕ್ಕಳು ತಿದ್ದಿದರು. ಹೌದು, 2025ರ ಜುಲೈನಲ್ಲಿ ಇಂಗ್ಲೆಂಡಿನ ಜೋ ರೂಟ್ 211ನೇ ಕ್ಯಾಚ್ ಹಿಡಿದರು.

‘ಸ್ಲಿಪ್ಪರ್’ಗೆ ‘ಮನೆಯೊಳಗೆ ಹಾಕುವ ಮೆತ್ತನೆಯ ಪಾದರಕ್ಷೆ’ ಅಂತ ಕೊಟ್ಟಿದ್ದಾರೆ. ಬ್ರಿಟನ್ನಿನ ಮಟ್ಟಿಗೆ ಸರಿ. ನಮ್ಮಲ್ಲಿ ಅದನ್ನು ಯಾರು ಹಾಕುತ್ತಾರೆ? ಇಲ್ಲಿ ಸ್ಲಿಪ್ಪರ್ ಅಂದರೆ ಹವಾಯಿ ಚಪ್ಪಲಿ, ಹೊರಗೆ ಹಾಕೋದು. ಎರಡನ್ನೂ ಬರೆಯಬೇಕಿತ್ತು. ‘ಸ್ಲಿಪ್ಡ್ ಡಿಸ್ಕ್’ ಇಲ್ಲವೇ ಇಲ್ಲ. ಬೆನ್ನುಮೂಳೆ ಜಾರಿದೆ ಅಂತ ನಮ್ಮ ಜನ ಹೆದರುವುದು ಈ ಪದದಿಂದಲೇ. ಮೂಳೆಗಳ ನಡುವಿನ ಮೆತ್ತೆ ಉಬ್ಬುವುದು ಅಥವಾ ಹರಿದು ಹೊರಬರುವುದು ಅದು, ಯಾವ ಮೂಳೆಯೂ ಜಾರಿರುವುದಿಲ್ಲ. ಇಂಥ ಪದವನ್ನು ನಿಘಂಟು ಬಿಡಬಾರದು.

ಅಚ್ಚು ಹಳೇ ಮೊಳೆಯದು. ಒತ್ತಕ್ಷರಗಳು ಕೆಲವು ಕಡೆ ಮಸಿ ತುಂಬಿ ಮುಚ್ಚಿಹೋಗಿವೆ, ಸಂಜೆ ಬೆಳಕಿನಲ್ಲಿ ನನ್ನ ಕಣ್ಣಿಗೆ ಕಷ್ಟ. ಕಾಗದ ಹಳದಿ ಆಗಿದೆ, ಆದರೆ ಮುರಿಯುತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತೆ, ಹಾಗಾಗಿ ಲವಂಗ ಕಟ್ಟಿದ ಬಟ್ಟೆಯ ಗಂಟು ಇಟ್ಟು ಟ್ರಂಕಿನಲ್ಲಿ ಇಡುತ್ತೇನೆ.

ಫೋನಿನಲ್ಲಿ ಎಲ್ಲ ಸಿಗುವಾಗ ಇದೆಲ್ಲ ಯಾಕೆ ಅಂತ ಸಹೋದ್ಯೋಗಿಗಳು ಕೇಳಿದರು. ಫೋನ್ ಬೇಡ ಅಂತ ನಾನು ಹೇಳುವುದಿಲ್ಲ. ಅಲರ್ ಅನ್ನೋ ಆನ್‌ಲೈನ್ ನಿಘಂಟನ್ನು ನಾನು ವಾರದಲ್ಲಿ ನಾಲ್ಕೈದು ಸಲ ತೆಗೆಯುತ್ತೇನೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ತಾವೊಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಕೋಶ ಅದು. ಒಂದೂವರೆ ಲಕ್ಷ ಪದಗಳು, 2019ರಿಂದ ಎಲ್ಲರಿಗೂ ಉಚಿತ. ನಾನು ಅದನ್ನು ಹಿಂದಿನಿಂದ ಬಳಸುತ್ತೇನೆ. ಈ ಹಳೇ ಪುಸ್ತಕದಲ್ಲಿ ‘ಸ್ಲಿಪ್’ಗೆ ನುಣುಚು, ನುಸುಳು, ಜಾರು, ಕಳಚು ಅಂತ ಸಿಕ್ಕರೆ, ಅವನ್ನು ಒಂದೊಂದಾಗಿ ಅಲರ್‌ನಲ್ಲಿ ಹಾಕಿ ಇಂಗ್ಲಿಷಿನಲ್ಲಿ ಏನು ಬರುತ್ತೆ ಅಂತ ನೋಡುವುದು. ಹೋಗಿ ಬರುವ ಎರಡು ದಾರಿಯೂ ಸಿಕ್ಕ ಹಾಗಾಗುತ್ತೆ. ಪೂರ್ತಿ ವಾಕ್ಯ ಅನುವಾದ ಮಾಡುವ ಆ್ಯಪ್‌ಗಳ ವಿಷಯ ಬೇರೆ. ಅವು ಒಂದೇ ಉತ್ತರ ಕೊಡುತ್ತವೆ, ಬೇರೆ ಯಾವ ಅರ್ಥ ಇತ್ತು ಅಂತ ತೋರಿಸುವುದೇ ಇಲ್ಲ. ಆರಿಸುವ ಕೆಲಸ ಮಗುವಿನ ಕೈಗೆ ಬರುವುದೇ ಇಲ್ಲ. ನಿಘಂಟಿನಲ್ಲಿ ಹತ್ತು ಅರ್ಥ ಕಣ್ಣ ಮುಂದೆ ಇರುತ್ತವೆ, ಯಾವುದು ಸರಿ ಅಂತ ಮಗುವೇ ವಾಕ್ಯ ನೋಡಿ ತೀರ್ಮಾನ ಮಾಡಬೇಕು. ಇಂಗ್ಲಿಷ್ ಪಾಠ ಅಂದರೆ ನನ್ನ ಪ್ರಕಾರ ಅದೇ.

ಕೊಳ್ಳಬಹುದಾ ಅಂತ ಕೇಳಿದರೆ, ಎಂಟರಿಂದ ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ, ಪಕ್ಕದಲ್ಲಿ ಹೇಳಿಕೊಡುವವರು ಒಬ್ಬರು ಇದ್ದರೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಒಬ್ಬರೇ ಕೂತು ಇಂಗ್ಲಿಷ್ ಕಲಿಯುವವರಿಗೆ ಇದೊಂದೇ ಸಾಲದು. ಉಚ್ಚಾರಣೆಗೆ, ವಾಕ್ಯಕ್ಕೆ ಬೇರೆ ಪುಸ್ತಕ ಜೊತೆಗೆ ಬೇಕು.

ಆದರೆ ಯಾವ ಪುಸ್ತಕ ಅಂತ ಹೇಳಿ ತೆಗೆದುಕೊಳ್ಳಿ ಅನ್ನಲಿ? ಇದಕ್ಕೇ ನಾನು ಇಷ್ಟು ಬರೆದದ್ದು. ನಿಮ್ಮ ಮನೆಯಲ್ಲಿ, ತಾತನ ಬೀರುವಿನಲ್ಲಿ, ಊರಿನ ಲೈಬ್ರರಿಯಲ್ಲಿ ಇದೇ ನಿಘಂಟಿನ ಪೂರ್ತಿ ಪ್ರತಿ ಇರಬಹುದು. ಪುಟಕ್ಕೆ ಎರಡು ಕಾಲಂ, ನಡುವೆ ಸಣ್ಣ ಗೀಟು. ‘ಸ್ಲಿಪ್’ ಬಲಗಡೆ ಪುಟದ ಎರಡನೇ ಕಾಲಂನಲ್ಲಿ ಶುರುವಾಗಿ ಮೂರು ನಂಬರ್ ಆಗಿದೆ. ‘ಸ್ಲಿಪ್‌ನಾಟ್’ ಎದುರು ‘ಜೀರುಗುಣಿಕೆ’ ಅಂತಲೇ ಇದೆ. ಸಿಕ್ಕರೆ ಮುಖಪುಟದ ಒಂದು ಫೋಟೊ ಕಳಿಸಿ. ಮಾಡಿದವರ ಹೆಸರನ್ನು ಒಳರಟ್ಟಿನ ಮೇಲೆ ಬರೆದಿಡಬೇಕು, ಹತ್ತನೇ ಕ್ಲಾಸಿಗೂ ಒಂದು ಪ್ರತಿ ತರಬೇಕು. ಆ ಹುಡುಗಿಯ ಕೈ ಈಗ ವಾಸಿಯಾಗಿದೆ, ಹೆಸರು ಸಿಕ್ಕಿದ ದಿನ ಅವಳ ಕೈಯಲ್ಲೇ ಬರೆಸುತ್ತೇನೆ.